ಯಾರೂ ಸೀನದ ದಿನ

ಹೋದ ತಿಂಗಳು ನಿಪ್ಪಾಣಿಯಲ್ಲಿ ನನಗೆ ಸೀನು ಬಂತು. ಒಂದಲ್ಲ, ಮೇಲಿಂದ ಮೇಲೆ. ಅಕ್ಕೋಳದಲ್ಲಿ ಮಗಳ ಮನೆಯಲ್ಲಿರುವ ನಾನು ಕಣ್ಣು ತೋರಿಸಲು ಪೇಟೆಗೆ ಹೋಗಿದ್ದೆ. ಬಿಸಿಲಿಗೆ ಅಂಜಿ ಹಳೆಯ ವಖಾರದ ಗೋಡೆಯ ನೆರಳು ಹಿಡಿದು ನಡೆಯುತ್ತಿದ್ದೆ. ವಖಾರ ಅಂದರೆ ತಂಬಾಕು ತುಂಬಿಡುವ ಗೋದಾಮು. ಅದರ ಬಾಗಿಲು ಅರ್ಧ ತೆರೆದಿತ್ತು. ಒಳಗಿನಿಂದ ಆ ಘಾಟು ಬಂತು, ಮೂಗಿಗೆ ಹೊಕ್ಕು ಗಂಟಲಿಗೆ ಇಳಿಯುವ ಘಾಟು. ಸೆರಗು ಮುಖಕ್ಕೆ ಹಿಡಿದು ಗೋಡೆಗೆ ಒರಗಿ ನಿಂತುಬಿಟ್ಟೆ.

ತಂಬಾಕಿನ ಹೊಟ್ಟಿನ ನಡುವೆಯೇ ತೊಟ್ಟಿಲು ಕಟ್ಟಿದವಳು ನಾನು. ನಮ್ಮ ಗಲ್ಲಿಯಲ್ಲಿ ಯಾರೂ ಸೀನುತ್ತಿರಲಿಲ್ಲ, ಹಸುಗೂಸು ಕೂಡ. ಸೀನಿನ ಸಪ್ಪಳ ಕೇಳಿದರೆ ತಿರುಗಿ ನೋಡದೆ ಹೇಳುತ್ತಿದ್ದೆವು, ಯಾರೋ ಪರ ಊರಿನವರು ಬಂದರೆಂದು.

ಗಲ್ಲಿ ಈಗಿಲ್ಲ. ಗಲ್ಲಿ ಕೆಡವಿದ ವರ್ಷದ ಮಾತು ಹೇಳುತ್ತೇನೆ. ನನ್ನ ಮಗಳು ಮಂಗಲ ಏಳನೇ ಇಯತ್ತೆ ಕಲಿಯುತ್ತಿದ್ದಳು. ಎಂಬತ್ತರ ಆಚೆ, ತೊಂಬತ್ತರ ಈಚೆ. ನಾನು ಎರಡನೇ ಇಯತ್ತೆಗೆ ಶಾಲೆ ಬಿಟ್ಟವಳು, ಇಸವಿ ಹಿಡಿದು ಕೂರುವ ರೂಢಿ ನನಗಿಲ್ಲ.

ನಮ್ಮದಕ್ಕೆ ತೆಳಗಿನ ಗಲ್ಲಿ ಎನ್ನುತ್ತಿದ್ದರು. ಹಂಚಿನ ಮನೆಗಳ ಎರಡು ಸಾಲು. ಮನೆ ಎಂದರೆ ಮುಂದೊಂದು ಖೋಲಿ, ಹಿಂದೊಂದು ಅಡುಗೆಯ ಮೂಲೆ. ಆದರೆ ಪ್ರತಿ ಮನೆಗೂ ಹಿಂದೆ ಒಂದು ಅಂಗಳವಿತ್ತು. ಅಂಗಳವೇ ನಮ್ಮ ಹೊಲ. ವ್ಯಾಪಾರಿ ತಂಬಾಕಿನ ಚೀಲ ಕಳಿಸುತ್ತಿದ್ದ. ಎಲೆಯನ್ನು ಬಡಿಗೆಯಿಂದ ಬಡಿದು, ಕಡ್ಡಿ ಆರಿಸಿ, ಮೊರದಲ್ಲಿ ಕೇರಿ, ಜರಡಿ ಹಿಡಿದು ಮತ್ತೆ ಚೀಲ ತುಂಬುವುದು ನಮ್ಮ ಕೆಲಸ. ಸುಗ್ಗಿಯಿಂದ ಮಳೆ ಹಿಡಿಯುವ ತನಕ ಇದೇ. ವಖಾರಕ್ಕೆ ಹೋಗಿ ಇದೇ ಕೆಲಸ ಮಾಡುವವರೂ ಇದ್ದರು. ಅಲ್ಲಿ ಕೂಲಿಯವರ ಮೇಲೆ ನಿಲ್ಲುವ ಮುಕಾದಮನ ಕಣ್ಣು, ಕೈ, ಬಾಯಿ ಮೂರನ್ನೂ ತಡೆದುಕೊಳ್ಳಬೇಕು. ಮನೆಯಲ್ಲಾದರೆ ಜರಡಿ ಆಡಿಸುತ್ತಲೇ ಒಲೆಯ ಮೇಲಿನ ಸಾರು ನೋಡಬಹುದು, ಶಾಲೆಯಿಂದ ಬಂದ ಹುಡುಗಿಗೆ ಬೈಯಬಹುದು. ಗಾಳಿ ಯಾವ ಕಡೆಯದೆಂದು ನೋಡಿ ಬೆನ್ನು ತಿರುಗಿಸಿ ಕೂತರೆ ಹೊಟ್ಟು ಹಳ್ಳದ ಕಡೆ ಹಾರಿ ಹೋಗುತ್ತಿತ್ತು. ಅಂಗಳವಿದ್ದರೆ ಹೊಟ್ಟು ಗಾಳಿಗೆ ಹೋಗುತ್ತದೆ, ಇಲ್ಲದಿದ್ದರೆ ಎದೆಗೆ ಹೋಗುತ್ತದೆ. ವ್ಯತ್ಯಾಸ ಇಷ್ಟೇ.

ಆ ವರ್ಷ ಸಂಕ್ರಾಂತಿ ಮುಗಿದ ಮೇಲೆ ಸುದ್ದಿ ಬಂತು. ರಸ್ತೆ ಅಗಲ ಮಾಡುತ್ತಾರೆ, ಗಲ್ಲಿ ಪೂರ್ತಿ ಹೋಗುತ್ತದೆ, ಹಳ್ಳದ ಆಚೆ ಹೊಸ ಜಾಗ ಕೊಡುತ್ತಾರೆ. ಜಾಗದಲ್ಲಿ ಎರಡು ಬಗೆ. ಬರೀ ಮಲಗಿ ಏಳುವ ಜನರಿಗೆ ಸಾಲಿನಲ್ಲಿ ಒಂದೊಂದು ಖೋಲಿ. ಮನೆಯಲ್ಲೇ ದುಡಿಯುವವರಿಗೆ ಹಿಂದೆ ಅಂಗಳವಿರುವ ಜಾಗ. ಯಾರಿಗೆ ಯಾವುದು ಎಂದು ಸಾಹೇಬನೊಬ್ಬ ಕಣ್ಣಾರೆ ನೋಡಿ ಬರೆಯಬೇಕು. ನನ್ನ ಗಂಡ ಹಮಾಲಿ ಮಾಡುತ್ತಿದ್ದ. ಸುದ್ದಿ ಕೇಳಿ ಎಲೆ ಅಡಿಕೆ ಹಾಕಿಕೊಂಡು ಮಲಗಿದ. ಆ ವರ್ಷ ಅವನು ಹೇಳುವಂಥದ್ದೇನೂ ಮಾಡಲಿಲ್ಲ, ಅದಕ್ಕೆ ಇಲ್ಲಿಗೇ ಅವನನ್ನು ಬಿಡುತ್ತೇನೆ.

ಸುಮತಿಬಾಯಿ ಬಂದದ್ದು ಅದೇ ಹೊತ್ತಿನಲ್ಲಿ. ಮೈಸೂರು ಕಡೆಯವಳು, ಪರದೇಶದ ಕಾಲೇಜಿನಲ್ಲಿ ಕಲಿಯುತ್ತಿದ್ದಳು. ಸಣಕಲು ಹೆಣ್ಣು, ಹೆಗಲಿಗೆ ಚೀಲ, ಕೊರಳಲ್ಲಿ ಕ್ಯಾಮೆರಾ. ಗಲ್ಲಿಯ ಬಾಯಿಗೆ ಬಂದು ಎಷ್ಟು ಸೀನಿದಳೆಂದರೆ ನಮ್ಮ ಅತ್ತೆ ಬಾಳವ್ವ ಎದ್ದುಹೋಗಿ ನೀರು ಕೊಟ್ಟು ಕೂರಿಸಿದಳು. ಆ ಮೇಲೆ ಮಳೆಗಾಲದವರೆಗೂ ದಿನಾ ನಮ್ಮ ಮನೆಗೇ ಬಂದಳು. ಸೀನುತ್ತಾ ಬರೆದಳು, ಬರೆಯುತ್ತಾ ಸೀನಿದಳು.

ಏನು ಬರೆಯುತ್ತೀ ಎಂದು ಕೇಳಿದರೆ ಊರಿಗೆ ಊರು ಹೋಲಿಸುತ್ತೇನೆ ಎಂದಳು. ಇಟಲಿ ದೇಶದಲ್ಲಿ ನೇಪಲ್ಸ್ ಎಂಬ ಸಮುದ್ರದ ದಂಡೆಯ ಊರಿದೆಯಂತೆ. ಅಲ್ಲಿ ಒಂದು ವರ್ಷ ಇದ್ದು ಬಂದಿದ್ದಳು. ಇಷ್ಟು ದಿನ ಎಲ್ಲರೂ ಲಂಡನ್ನು, ಪ್ಯಾರಿಸ್ಸು ನೋಡಿ ಊರೆಂದರೆ ಹೀಗಿರಬೇಕು ಎಂದು ಬರೆದರಂತೆ. ಉಳಿದ ಊರುಗಳನ್ನೂ ಅದೇ ಕೋಲಿನಿಂದ ಅಳೆದು, ಅಳತೆಗೆ ಸಿಗದ್ದನ್ನು ಹಿಂದುಳಿದದ್ದು ಅಂದರಂತೆ. ಇವಳು ಆ ಕೋಲು ಎಸೆದು ನಿಪ್ಪಾಣಿಯನ್ನೂ ನೇಪಲ್ಸನ್ನೂ ಜೋಡಿ ಕೂರಿಸಿ ನೋಡುತ್ತಾಳಂತೆ. ಬಡಿಗೆ ಬೀಸುತ್ತಲೇ ಕೇಳಿದ ಅತ್ತೆ ಹೇಳಿದಳು:

“ಎತ್ತು ಏರಿಗೆ ಎಳೀತೈತಿ, ಕೋಣ ನೀರಿಗೆ ಎಳೀತೈತಿ. ಎರಡೂ ಒಂದ ನೊಗಕ್ಕ ಕಟ್ಟತೀಯಲ್ಲ ತಂಗಿ, ಹೊಲ ಯಾವಾಗ ಹೂಡಾಕಿ?”

ಸುಮತಿಬಾಯಿ ನಕ್ಕು ಅದನ್ನೂ ಬರೆದುಕೊಂಡಳು.

ಒಂದು ದಿನ ಫೋಟೋ ತಂದಳು. ನೇಪಲ್ಸಿನ ಗಲ್ಲಿಯಂತೆ. ಎತ್ತರದ ಮನೆಗಳು, ಆ ಮನೆಯಿಂದ ಈ ಮನೆಗೆ ಹಗ್ಗ, ಹಗ್ಗದ ತುಂಬ ಒದ್ದೆ ಬಟ್ಟೆ. ಕೆಳಗೆ ರಸ್ತೆಗೆ ಅಂಟಿಕೊಂಡೇ ಒಂದೊಂದು ಖೋಲಿ. ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ದಪ್ಪ ದಪ್ಪ ಹೆಂಗಸರು ತೊಡೆಯ ಮೇಲೆ ಚಪ್ಪಲಿ, ಬೂಟು ಇಟ್ಟುಕೊಂಡು ಅಂಟು ಹಚ್ಚುತ್ತಿದ್ದರು. ಒಬ್ಬಳ ಮಗ್ಗುಲಲ್ಲಿ ಮಂಚ, ಮಂಚದ ಕೆಳಗೆ ಬೂಟಿನ ರಾಶಿ, ಮೇಲೆ ಮಲಗಿದ ಕೂಸು. ನನಗೆ ನಗು ಬಂತು. ನಮ್ಮಂಥವರೇ. ಬಣ್ಣ ಬೆಳ್ಳಗೆ, ಬಾಳು ಅದೇ.

ಅಲ್ಲೊಮ್ಮೆ ಭೂಕಂಪವಾಯಿತಂತೆ. ಮನೆ ಬಿರುಕು ಬಿಟ್ಟ ಎಷ್ಟೋ ಜನರನ್ನು ಊರ ಹೊರಗೆ ಮಾಳಿಗೆಯ ಮೇಲೆ ಮಾಳಿಗೆ ಕಟ್ಟಿದ ಮನೆಗಳಿಗೆ ಕಳಿಸಿದರಂತೆ. ಅಷ್ಟು ಎತ್ತರದಲ್ಲಿ ಬೂಟು ತಂದುಕೊಡುವವರಿಲ್ಲ, ಬಾಗಿಲಲ್ಲಿ ಕೂರಲು ಬೀದಿಯಿಲ್ಲ. ಕೈಕೆಲಸ ಹೋಯಿತು. ಮನೆ ಕೊಟ್ಟು ದುಡಿಮೆ ಕಿತ್ತುಕೊಂಡರು, ಇಲ್ಲಿ ಹಾಗಾಗಬಾರದು ಎಂದಳು. ಅದಕ್ಕೇ ಸಾಹೇಬನನ್ನು ತಾನೇ ಹೋಗಿ ಕಂಡಿದ್ದಳು, ನೇಪಲ್ಸಿನ ಕತೆಯನ್ನೆಲ್ಲ ಹೇಳಿ ಒಪ್ಪಿಸಿದ್ದಳು. ಅವನು, ಅಲ್ಲಿ ನಿಜವಾಗಿ ಕೆಲಸ ನಡೆಯುವುದು ನನ್ನ ಕಣ್ಣಿಗೆ ಬಿದ್ದರೆ ಗಲ್ಲಿಗೆಲ್ಲ ಅಂಗಳದ ಜಾಗ ಬರೆಯುತ್ತೇನೆ ಎಂದಿದ್ದನಂತೆ. ಇದು ನಮಗೆ ದೊಡ್ಡ ಮಾತು. ನಮ್ಮ ಪರವಾಗಿ ಒಬ್ಬ ಸಾಹೇಬನ ಬಾಗಿಲು ತಟ್ಟಿದವರು ಅದಕ್ಕೆ ಮೊದಲು ಯಾರೂ ಇರಲಿಲ್ಲ.

ಅತ್ತೆ ಮಾತ್ರ ಆ ಬೂಟಿನ ಫೋಟೋ ಕೆಳಗಿಡಲಿಲ್ಲ.

“ಈ ಅಂಟು ನಾರತೈತೇನ?”

“ತುಂಬಾ ವಾಸನೆ, ಅಜ್ಜಿ. ತಲೆ ಸುತ್ತುತ್ತೆ.”

“ಹಂಗಾರ ಪಾವಣೇರು ಬಂದಾಗ ಎಲ್ಲಿ ಇಡತಾರ?”

“ಎಲ್ಲೂ ಇಡಲ್ಲ. ಬಂದ ನೆಂಟರನ್ನೂ ಅದರ ನಡುವೆಯೇ ಕೂರಿಸಿ ಕಾಫಿ ಕೊಡ್ತಾರೆ.”

“ಮಾನಗೇಡಿಗಳು” ಎಂದು ಅತ್ತೆ ಫೋಟೋ ತಿರುಗಿಸಿ ಕೊಟ್ಟಳು.

ಆ ದಿನ ಸುಮತಿಬಾಯಿ ಈ ಮಾತನ್ನು ಬರೆದುಕೊಳ್ಳಲಿಲ್ಲ. ಅವಳ ಕಣ್ಣು ಪೂರ್ತಿ ಎರಡೂ ಊರು ಎಲ್ಲಿ ಕೂಡುತ್ತವೆ ಎಂಬುದರ ಮೇಲಿತ್ತು. ಅಲ್ಲೂ ಮನೆಯಲ್ಲೇ ಕೆಲಸ, ಇಲ್ಲೂ. ಅಲ್ಲೂ ಹೆಂಗಸರು, ಇಲ್ಲೂ. ಎರಡು ಊರು ಎಲ್ಲಿ ಬೇರೆಯಾಗುತ್ತವೆ ಎಂದು ಅತ್ತೆ ಕೈಯಲ್ಲೇ ಹಿಡಿದು ತೋರಿಸಿದ್ದಳು, ತೋರಿಸಿದ್ದು ಅತ್ತೆಗೂ ಗೊತ್ತಾಗಲಿಲ್ಲ, ನನಗೂ ಗೊತ್ತಾಗಲಿಲ್ಲ.

ನಮ್ಮ ಗಲ್ಲಿಯ ರೀತಿ ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ಕನ್ಯೆ ನೋಡಲು ಬಂದವರು ಹೊಸ್ತಿಲಲ್ಲಿ ಸೀನಿದರೆ ಸಂಬಂಧ ಮುರಿದಂತೆ. ಒಳ್ಳೆಯ ಕೆಲಸದ ಬಾಯಿಗೆ ಸೀನು ಬರಬಾರದು. ತಂಬಾಕಿನ ಗಲ್ಲಿಗೆ ಬಂದವರು ಸೀನದೆ ಇರುತ್ತಾರೆಯೇ? ಅದಕ್ಕೆ ಹೊರಗಿನವರು ಒಳ್ಳೆಯ ಕೆಲಸಕ್ಕೆ ಬರುತ್ತಾರೆಂದರೆ ಹಿಂದಿನ ದಿನವೇ ಇಡೀ ಗಲ್ಲಿ ತಂಬಾಕು ಎತ್ತುತ್ತಿತ್ತು. ಒಬ್ಬರ ಮನೆಯ ಕನ್ಯೆಗಾಗಿ ಎಲ್ಲರ ಮನೆಯ ಚೀಲಗಳೂ ತಲೆಯ ಮೇಲೆ ಹೋಗುತ್ತಿದ್ದವು, ಗಲ್ಲಿಯ ಕೊನೆಗೆ ಇದ್ದ ಹಾಳು ಎಣ್ಣೆ ಗಿರಣಿಗೆ. ಅಂಗಳ ಗುಡಿಸಿ, ಸೆಗಣಿಯಿಂದ ಸಾರಿಸಿ, ಲೋಬಾನದ ಹೊಗೆ ಹಾಕುತ್ತಿದ್ದೆವು. ಜಗಳವಾಡಿ ಮಾತು ಬಿಟ್ಟವರೂ ಅವತ್ತು ಚೀಲ ಎತ್ತಲು ಬರುತ್ತಿದ್ದರು. ಬರದಿದ್ದರೆ ಅವರ ಮಗಳಿಗೂ ಯಾರೂ ಬರುವುದಿಲ್ಲ.

ಸಾಹೇಬ ಬರುವ ದಿನ ಗೊತ್ತಾಯಿತು. ಯುಗಾದಿ ಕಳೆದು ಬಿಸಿಲು ಬಾಣಲೆಯಂತೆ ಕಾಯುತ್ತಿತ್ತು. ಸುಮತಿಬಾಯಿ ಮುಂಚಿತವಾಗಿ ಬೆಳಗಾವಿಗೆ ಹೋಗಬೇಕಿತ್ತು, ಅಲ್ಲಿಂದ ಅವನ ಜೀಪಿನಲ್ಲೇ ಬರುವವಳು. ಹೋಗುವಾಗ ಮನೆಮನೆಗೆ ನಿಂತು ಹೇಳಿದಳು:

“ಏನೂ ಮಾಡಬೇಡಿ. ದಿನಾ ಹೇಗಿರ್ತೀರೋ ಹಾಗೇ ಇರಿ. ಅಷ್ಟು ಸಾಕು.”

ಹೂಂ ಎಂದೆವು. ಎಲ್ಲರೂ ತಲೆ ಆಡಿಸಿದೆವು. ಏನೂ ಮಾಡಬೇಡಿ ಎನ್ನುವುದು ಬರುವವರ ರೀತಿ, ಮಾಡುವುದು ನಮ್ಮ ರೀತಿ. ಏನೂ ಮಾಡಬೇಡಿ ಎಂದರೆಂದು ಏನೂ ಮಾಡದ ಮನೆ ನಮ್ಮ ಸೀಮೆಯಲ್ಲಿ ಯಾವುದಿದೆ?

ಅವಳ ಬಸ್ಸು ಹೋದದ್ದೇ ಅತ್ತೆ ಸೆರಗು ಬಿಗಿದಳು. ಸಾಹೇಬ ಜಾಗ ಕೊಡಲು ಬರುತ್ತಾನೆ, ಕನ್ಯೆ ನೋಡುವುದಕ್ಕಿಂತ ದೊಡ್ಡ ಕೆಲಸ, ಹೊಸ್ತಿಲಲ್ಲಿ ಸೀನಿದನೆಂದರೆ ಗಲ್ಲಿ ಮುಳುಗಿತು ಎಂದಳು. ಕೆಲಸ ಕಣ್ಣಿಗೆ ಬೀಳಬೇಕು ಎಂದದ್ದು ನೆನಪಿತ್ತು, ಆದರೆ ನಾವು ಏನು ದುಡಿಯುತ್ತೇವೆಂದು ನಿಪ್ಪಾಣಿಯಲ್ಲಿ ಯಾರಿಗೆ ಗೊತ್ತಿಲ್ಲ, ಕೇಳಿದರೆ ಹೇಳಿದರಾಯಿತು ಎಂದುಕೊಂಡೆವು. ಅವತ್ತಿನಷ್ಟು ಚೊಕ್ಕಟ ನಾವು ಯಾರ ಮದುವೆಗೂ ಮಾಡಿರಲಿಲ್ಲ. ಚೀಲಗಳೆಲ್ಲ ಗಿರಣಿಗೆ ಹೋದವು. ಜರಡಿ, ಬಡಿಗೆ, ಮೊರ ಎಲ್ಲವೂ ಹೋದವು. ಗೋಡೆಗೆ ಸುಣ್ಣ ಬಳಿದೆವು. ಹಂಚಿನ ಸಂದಿಯಲ್ಲಿ ಕೂತಿದ್ದ ಹೊಟ್ಟನ್ನು ಮಂಗಲ ಏಣಿ ಹತ್ತಿ ಕಸಬರಿಗೆಯಿಂದ ಉದುರಿಸಿದಳು. ನಾನು ನಮ್ಮ ಅಂಗಳ ಸಾರಿಸಿ ರಂಗೋಲಿ ಹಾಕಿದೆ. ಪೆಟ್ಟಿಗೆಯಲ್ಲಿದ್ದ ಇರಕಲ್ ಸೀರೆಗಳು ಹೊರಗೆ ಬಂದವು. ಅತ್ತೆ ಶಿರಾ ಮಾಡಿದಳು, ಕೈ ಬಿಚ್ಚಿ ತುಪ್ಪ ಹಾಕಿದಳು, ನನ್ನ ಬಾಣಂತನದಲ್ಲೂ ಅಷ್ಟು ಹಾಕಿರಲಿಲ್ಲ.

ಜೀಪು ಬಂತು. ಮೊದಲು ಇಳಿದವನು ಸಾಹೇಬ. ತುಂಬಿದ ಮೈ, ಬಿಳಿ ಅಂಗಿ. ಗಲ್ಲಿಯ ಬಾಯಿಯಲ್ಲೇ ಕರವಸ್ತ್ರ ಮೂಗಿಗೆ ಹಿಡಿದುಕೊಂಡ. ಬಹಳ ಘಾಟು ಇರುತ್ತದೆ ಎಂದು ಸುಮತಿಬಾಯಿ ದಾರಿಯುದ್ದಕ್ಕೂ ಹೇಳಿಕೊಂಡು ಬಂದಿರಬೇಕು. ನಾಲ್ಕು ಮನೆ ದಾಟುವುದರಲ್ಲಿ ಕರವಸ್ತ್ರ ಇಳಿಸಿದ. ನಮ್ಮ ಹೊಸ್ತಿಲಿಗೆ ಬಂದಾಗ ಅದನ್ನು ಮಡಚಿ ಕಿಸೆಯಲ್ಲಿಟ್ಟ. ಗಲ್ಲಿಯ ಹೆಂಗಸರೆಲ್ಲ ಅವನ ಮೂಗನ್ನೇ ನೋಡುತ್ತಿದ್ದೆವು. ಅವನು ಸೀನಲಿಲ್ಲ. ಅತ್ತೆ ನನ್ನ ಕೈ ಹಿಡಿದು ಹಿಸುಕಿದಳು, ಗೆದ್ದೆವು ಎನ್ನುವಂತೆ.

ಸುಮತಿಬಾಯಿ ಅವನ ಹಿಂದೆ ಬಂದಳು. ಮುಂದಿನ ಖೋಲಿ ನೋಡಿದಳು, ಅಡುಗೆ ಮೂಲೆ ನೋಡಿದಳು, ಅಂಗಳಕ್ಕೆ ಬಂದು ರಂಗೋಲಿಯ ಮುಂದೆ ನಿಂತಳು. ಮುಖ ಸುಣ್ಣ ಬಳಿದ ಗೋಡೆಯ ಹಾಗಾಯಿತು. ನನ್ನ ಕಡೆ ತಿರುಗಿ ಕೇಳಿದಳು:

“ಎಲ್ಲಾ ಎಲ್ಲಿ, ಗಂಗವ್ವ? ಚೀಲ? ಜರಡಿ?”

ಉತ್ತರ ಅತ್ತೆ ಕೊಟ್ಟಳು, ದೊಡ್ಡ ಹಿಗ್ಗಿನಿಂದ. “ಎಲ್ಲಾ ತಗದೀವಿ ತಂಗಿ. ಒಂದು ಕಡ್ಡಿ ಉಳಿಸಿಲ್ಲ. ಸಾಹೇಬ್ರು ಸೀನಬಾರದಂತ.”

ಸಾಹೇಬ ಕುರ್ಚಿಯಲ್ಲಿ ಕೂತು ಶಿರಾ ತಿಂದ. ಇನ್ನಷ್ಟು ಹಾಕಿಸಿಕೊಂಡ. ತಿನ್ನುತ್ತಾ ಹೇಳಿದ:

“ತಂಬಾಕದ ಓಣಿ ಅಂದಿದ್ರಿ ಮೇಡಂ. ಒಂದು ಸೀನೂ ಬರಲಿಲ್ಲ. ನಿಮ್ಮ ಇಟಲಿ ಇಲ್ಲಿ ಎಲ್ಲೂ ಕಾಣಲಿಲ್ರಿ.”

ಅವಳು ಅಲವತ್ತುಕೊಂಡಳು. ಇವರು ಮರ್ಯಾದೆಗೆ ಅಂಜಿ ಅಡಗಿಸಿದ್ದಾರೆ, ಗಿರಣಿಯ ತನಕ ನಡೆಯಿರಿ, ತೋರಿಸುತ್ತೇನೆ ಎಂದಳು. ಸಾಹೇಬ ಎದ್ದು ಅಲ್ಲಿ ತನಕ ನಡೆದ, ಅದನ್ನು ಇಲ್ಲವೆನ್ನುವುದಿಲ್ಲ. ಗಿರಣಿಯಲ್ಲಿ ಚೀಲಗಳು ಒಂದರ ಮೇಲೊಂದು ಕೂತಿದ್ದವು, ಪ್ರತಿಯೊಂದರ ಮೇಲೂ ವ್ಯಾಪಾರಿಯ ಗುರುತು. ಇದು ವ್ಯಾಪಾರಿಯ ಮಾಲು, ಇದರಲ್ಲಿ ಈ ಹೆಂಗಸರದೇನಿದೆ ಎಂದ. ಅದರ ಹೊಟ್ಟು ಕುಡಿದವರು ನಾವು ಎಂದು ನಾನು ಹೇಳಿದೆ. ಅವನು ನನ್ನ ಇರಕಲ್ ಸೀರೆ ನೋಡಿದ, ಬಳೆ ನೋಡಿದ, ನಕ್ಕ. ಚಿಕ್ಕೋಡಿ ಕೋರ್ಟಿನಲ್ಲಿ ಕೆಲಸವಿದೆ ಎಂದು ಜೀಪು ಹತ್ತಿದ. ಹತ್ತುವಾಗ ಅತ್ತೆಗೆ ಕೈ ಮುಗಿದು, ನಿಮ್ಮಷ್ಟು ಸ್ವಚ್ಛ ಗಲ್ಲಿ ನಾನು ನೋಡಿಲ್ಲ ಎಂದ. ಅತ್ತೆ ಅದನ್ನು ಸಾಯುವ ತನಕ ಹೇಳಿಕೊಂಡಳು.

ಅಂಗಳದ ಜಾಗ ನಮಗೆ ಸಿಗಲಿಲ್ಲ. ಗಲ್ಲಿ ಪೂರ್ತಿ ಖೋಲಿಗೆ ಬಿತ್ತು.

ಸುಮತಿಬಾಯಿ ನಮ್ಮ ಕಟ್ಟೆಯ ಮೇಲೆ ಕೂತು ಅತ್ತಳು. ಅಳುವವರ ಮುಂದೆ ಸುಮ್ಮನಿರುವುದು ನನಗೆ ಬರುವುದಿಲ್ಲ.

“ಬಿಚ್ಚಿ ಹೇಳಬೇಕಿತ್ರಿ. ರಾಡಿ ಮಾಡಿಕೊಂಡು ಕೂಡ್ರಿ, ಅವ ಸೀನಿದ್ರನ ನಿಮಗ ಜಾಗ ಸಿಗತೈತಿ ಅಂತ ಹೇಳಬೇಕಿತ್ತು.”

“ನಾನು ಹೇಳಿದ್ದೆನಲ್ಲ ಗಂಗವ್ವ, ಏನೂ ಮಾಡಬೇಡಿ ಅಂತ.”

“ಎಲ್ಲಾ ಪಾವಣೇರೂ ಹಂಗ ಹೇಳತಾರ.”

ಅವಳು ಕಣ್ಣು ಒರೆಸಿಕೊಂಡು ಎದ್ದಳು. ಆ ಮೇಲೆ ಹತ್ತು ಕಡೆ ತಿರುಗಿದಳು, ಅರ್ಜಿ ಕೊಟ್ಟಳು. ನೋಡಿ ಬರೆದದ್ದು ಬರೆದದ್ದೇ ಎಂದರು. ಮಳೆಗಾಲದ ಹೊತ್ತಿಗೆ ಅವಳ ರಜೆ ಮುಗಿಯಿತು. ಹೋದಳು.

ಮೊದಲ ಮಳೆ ಆಲಿಕಲ್ಲು ಹೊತ್ತು ಬಂತು. ಅದೇ ವಾರ ಗಲ್ಲಿ ಕೆಡವಿದರು. ಸುಣ್ಣ ಬಳಿದ ಗೋಡೆಗಳು ಇನ್ನೂ ಬೆಳ್ಳಗಿದ್ದವು, ಬೀಳುವಾಗ ಕೂಡ ಚೊಕ್ಕಟವಾಗಿ ಬಿದ್ದವು. ಹಳ್ಳದ ಆಚೆಯ ಖೋಲಿಗೆ ಒಂದು ಬಾಗಿಲು, ಒಂದು ಕಿಟಕಿ. ಹಿಂದೆ ಅಂಗಳದ ಬದಲು ಇನ್ನೊಬ್ಬರ ಖೋಲಿಯ ಗೋಡೆ. ಮುಂದೆ ಕೆಸರು. ಸುಗ್ಗಿ ಬಂತು, ಚೀಲ ಬಂದವು. ಎಲ್ಲಿ ಬಡಿಯುವುದು? ಒಳಗೇ ಬಡಿದೆವು. ಬಾಗಿಲು ತೆರೆದರೆ ಗಾಳಿಗೆ ಹೊಟ್ಟು ಅನ್ನಕ್ಕೆ ಬೀಳುತ್ತದೆ, ಮುಚ್ಚಿದರೆ ಉಸಿರು ಕಟ್ಟುತ್ತದೆ. ಒಲೆ, ಹಾಸಿಗೆ, ತಂಬಾಕು ಮೂರೂ ಒಂದೇ ಕಡೆ. ನೇಪಲ್ಸಿನ ಫೋಟೋದಲ್ಲಿದ್ದ ಖೋಲಿಯ ಹಾಗೆಯೇ ಆಯಿತು ನಮ್ಮದು. ಈಗ ಬಂದು ಹೋಲಿಸಬೇಕಿತ್ತು ಅವಳು.

ಎರಡು ಸುಗ್ಗಿಯಾದ ಮೇಲೆ ಮಾಲು ಕೆಡುತ್ತದೆ ಎಂದು ವ್ಯಾಪಾರಿ ಚೀಲ ಕಳಿಸುವುದನ್ನು ನಿಲ್ಲಿಸಿದ. ನಾನು ವಖಾರಕ್ಕೆ ಹೊರಟೆ. ಒಬ್ಬಳ ಕೂಲಿ ಸಾಲದೆ ಮಂಗಲಳ ಶಾಲೆ ಬಿಡಿಸಿ ಜೊತೆಗೆ ಕರೆದುಕೊಂಡು ಹೋದೆ. ಲೆಕ್ಕದಲ್ಲಿ ಚುರುಕಿದ್ದ ಹುಡುಗಿ. ಮುಕಾದಮನ ಕಣ್ಣು ಎತ್ತ ತಿರುಗುತ್ತದೆ ಎಂದು ನೋಡುವುದರಲ್ಲಿ ನನ್ನ ದಿನ ಹೋಗುತ್ತಿತ್ತು. ಹೊಟ್ಟು ತನ್ನ ಕೆಲಸ ಮೊದಲೇ ಮುಗಿಸಿತ್ತು. ಅತ್ತೆಗೆ ಕೆಮ್ಮು ಹತ್ತಿತು, ಬಿಡಲಿಲ್ಲ.

ಕೆಲವು ವರ್ಷ ಬಿಟ್ಟು ಸುಮತಿಬಾಯಿ ಬಂದಳು. ತಲೆಯಲ್ಲಿ ಒಂದೆರಡು ಬಿಳಿ ಕೂದಲು. ಖೋಲಿ ಹುಡುಕಿಕೊಂಡೇ ಬಂದಳು, ಅಷ್ಟು ನಿಯತ್ತು ಇತ್ತು. ಇಂಗ್ಲಿಷಿನ ದಪ್ಪ ಪುಸ್ತಕವೊಂದನ್ನು ಅತ್ತೆಯ ಹಾಸಿಗೆಯ ಮೇಲಿಟ್ಟು ನಡುವೆ ತೆಗೆದಳು. ಎರಡು ಫೋಟೋ ಜೋಡಿಸಿ ಅಚ್ಚು ಹಾಕಿದ್ದರು. ಎಡಕ್ಕೆ ನೇಪಲ್ಸಿನವಳು, ಬೂಟಿನ ರಾಶಿಯ ನಡುವೆ ಕೂಸು. ಬಲಕ್ಕೆ ನಮ್ಮ ಅಂಗಳ, ಆ ದಿನದ್ದು. ಸಾರಿಸಿದ ನೆಲ, ರಂಗೋಲಿ, ಇರಕಲ್ ಉಟ್ಟ ನಾವು ಸಾಲಾಗಿ. ಅವತ್ತು ಅಳುವ ಮೊದಲು ಯಾವಾಗ ತೆಗೆದಿದ್ದಳೋ. ಕೆಳಗೆ ಎಲ್ಲವನ್ನೂ ಬರೆದಿದ್ದೇನೆ, ತಂಬಾಕು ಯಾಕೆ ಕಾಣುವುದಿಲ್ಲ ಎಂದು ಬರೆದಿದ್ದೇನೆ, ನನ್ನ ತಪ್ಪನ್ನೂ ಬರೆದಿದ್ದೇನೆ ಎಂದಳು. ಬರೆದಿರಬಹುದು. ನನಗೆ ಓದಲು ಬರುವುದಿಲ್ಲ, ಫೋಟೋ ನೋಡಲು ಬರುತ್ತದೆ. ಓದಲು ಬರುವವರೂ ಮೊದಲು ಫೋಟೋವನ್ನೇ ನೋಡುತ್ತಾರೆ. ಯಾವ ದೇಶದಲ್ಲಿ ಯಾರು ಆ ಪುಸ್ತಕ ತೆಗೆದರೂ ನಿಪ್ಪಾಣಿಯ ಹೆಂಗಸರು ಕೆಲಸವಿಲ್ಲದೆ ಸೀರೆ ಉಟ್ಟುಕೊಂಡು ನಿಂತಿರುತ್ತಾರೆ.

ಅತ್ತೆ ಪುಸ್ತಕವನ್ನು ಕಣ್ಣಿಗೆ ಹತ್ತಿರ ಹಿಡಿದಳು. ಕೆಮ್ಮು ನಿಲ್ಲುವ ತನಕ ಕಾದು ಹೇಳಿದಳು:

“ಅಂಗಳ ಚಲೋ ಬಂದೈತಿ. ಈ ಮೂಲ್ಯಾಗ ಸಾರಿಸಿದಾಕಿ ಯಾರ ಗಂಗಾ, ನೀನ? ಗೆರಿ ಉಳದಾವ ನೋಡ.”

ಸುಮತಿಬಾಯಿ ಆ ಖೋಲಿಯಲ್ಲಿ ಕೂತಷ್ಟು ಹೊತ್ತೂ ಸೀನುತ್ತಿದ್ದಳು. ತಂಬಾಕು ಮನೆಗೆ ಬರುವುದು ನಿಂತು ವರ್ಷಗಳಾಗಿದ್ದರೂ ಗೋಡೆಯಲ್ಲಿ ಕೂತಿತ್ತು. ಈ ಸಲ ನಾವು ಏನೂ ಎತ್ತಿಟ್ಟಿರಲಿಲ್ಲ, ಲೋಬಾನ ಹಾಕಿರಲಿಲ್ಲ. ಅವಳು ನಮಗೆ ಪಾವಣೇರಾಗಿ ಉಳಿದಿರಲಿಲ್ಲ. ಆ ವರ್ಷದ ದೀಪಾವಳಿ ನೋಡಲು ಅತ್ತೆ ಇರಲಿಲ್ಲ. ಸುಮತಿಬಾಯಿಯೂ ಮತ್ತೆ ಬರಲಿಲ್ಲ. ಮಂಗಲಳನ್ನು ಅಕ್ಕೋಳಕ್ಕೆ ಕೊಟ್ಟೆ, ಎಮ್ಮೆ ಕಟ್ಟಿದ ಮನೆ, ತಂಬಾಕಿಲ್ಲದ ಮನೆ ಎಂದೇ ನೋಡಿ ಕೊಟ್ಟೆ. ಕೈಲಾಗದ ಮೇಲೆ ನಾನೂ ಅಲ್ಲಿಗೇ ಹೋದೆ.

ಹೋದ ತಿಂಗಳು ಆ ಗೋಡೆಗೆ ಒರಗಿ ಸೀನುತ್ತಿದ್ದೆನಲ್ಲ, ವಖಾರದ ಕಾವಲುಗಾರ ಹೊರಗೆ ಬಂದ. ಮೀಸೆ ಈಗ ಮೂಡುತ್ತಿರುವ ಪೋರ. ನಾನು ಎಷ್ಟು ಸುಗ್ಗಿ ಆ ಬಾಗಿಲಲ್ಲಿ ಒಳಗೆ ಹೋಗಿ ಹೊರಗೆ ಬಂದಿದ್ದೇನೋ, ಅವನು ಆಗ ಹುಟ್ಟಿರಲಿಲ್ಲ. ತಂಬಿಗೆಯಲ್ಲಿ ನೀರು ತಂದುಕೊಟ್ಟ. ನಾನು ಕುಡಿಯುವುದನ್ನು ನೋಡುತ್ತಾ ನಿಂತು ಕೇಳಿದ:

“ಪರ ಊರಾಕಿ ಏನಬೇ ಆಯಿ?”

ಹೂಂ ಎಂದು ತಂಬಿಗೆ ತಿರುಗಿ ಕೊಟ್ಟೆ.